ಸೋಫಾದ ಹಿಂದಿನ ಮುಂದಣ್ಣ

‘ಬಾ’ ಅನ್ನಬೇಕೋ, ‘ಬನ್ನಿ’ ಅನ್ನಬೇಕೋ?

‘ಬಾ ಅಪ್ಪಾ, ಮನೆಗೆ ಹೋಗೋಣ’ ಅಂದರೆ ಪುಟ್ಟ ಹುಡುಗ ಅಂಗಿಯ ತುದಿ ಹಿಡಿದು ಜಗ್ಗಿದ ಹಾಗಿರುತ್ತದೆ. ಅರವತ್ತು ದಾಟಿದವನ ಬಾಯಲ್ಲಿ ಅದು ಒಪ್ಪುತ್ತದೆಯೇ? ‘ಬನ್ನಿ ಅಪ್ಪಾ’ ಅಂದರೆ ನೆಂಟರನ್ನು ಕರೆದ ಹಾಗೆ. ನೆಂಟರಾದರೆ ‘ಬರೋಣ ಬಿಡಪ್ಪ, ಇನ್ನೊಂದ್ಸಲ’ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ‘ಬರ್ತೀರಾ?’ ಎಂದು ಕೇಳಿಬಿಟ್ಟರೆ? ಉಹೂಂ. ಕೇಳಿದರೆ ‘ಇಲ್ಲ’ ಅನ್ನುವುದನ್ನು ತಾವೇ ಅಪ್ಪನ ಬಾಯಿಗೆ ಇಟ್ಟಂತೆ.

ಬೆಳಗಿನ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಂದು ಕಾಲಕ್ಕೆ ಟೈರ್ ಗೋದಾಮಾಗಿದ್ದ ಈ ಸ್ಟುಡಿಯೋದ ತಗಡಿನ ಸೂರಿನ ಮೇಲೆ ಪಾರಿವಾಳಗಳು ಓಡಾಡುತ್ತಿವೆ. ಒಳಗೆ ಪ್ಲೈವುಡ್ಡಿನ ಮೂರು ಗೋಡೆಯ ಮನೆ. ಮನೆಯ ನಡುವೆ ಹಸಿರು ಸೋಫಾ. ಸೋಫಾಕ್ಕೂ ಗೋಡೆಗೂ ನಡುವೆ ಇರುವ ಒಂದು ಮೊಳ ಜಾಗದಲ್ಲಿ, ಹಳೆಯ ದಿಂಬಿನ ಮೇಲೆ, ಅವರು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತಿದ್ದಾರೆ. ಕೈಯಲ್ಲಿ ಇವತ್ತಿನ ಸಂಭಾಷಣೆಯ ಹಾಳೆಗಳಿವೆ. ತುಟಿಯ ಮೇಲೆ ಆಡುತ್ತಿರುವ ಮಾತು ಮಾತ್ರ ಆ ಹಾಳೆಗಳಲ್ಲಿಲ್ಲ.

"ಏಯ್ ಮುಂದಣ್ಣ! ಹಿಂದೆ ಇದ್ದೀಯೇನೋ?"

ಸೋಫಾದ ಮೇಲೆ ಯಾರೋ ಧೊಪ್ಪನೆ ಕೂರುತ್ತಾರೆ. ಸ್ಪ್ರಿಂಗು ಕಿರ್ ಎನ್ನುತ್ತದೆ.

"ಇದ್ದೀನಿ ಯಜಮಾನ್ರೇ."

"ಇರಪ್ಪ. ನೀನಿಲ್ಲ ಅಂದ್ರೆ ಈ ಮನೇಲಿ ನಾನೂ ಇಲ್ಲ."

ಯಜಮಾನರು ಎಂದರೆ ‘ನಾನಿನ್ನೂ ಇದ್ದೀನಿ ಕಣ್ರೋ’ ಹಾಸ್ಯ ಧಾರಾವಾಹಿಯ ತಾತ. ಸಂಜೆ ಏಳಾದರೆ ಸಾಕು, ಮನೆಮನೆಯ ಟೀವಿಯಲ್ಲಿ ಅವರದೇ ರಂಪ. ಇಕ್ಕಟ್ಟಾದ ಫ್ಲ್ಯಾಟಿನಲ್ಲಿ ಮಗ, ಸೊಸೆ ಮತ್ತು ಒಬ್ಬ ಮುದುಕ. ಬೆಳಗ್ಗೆ ಬಚ್ಚಲಿಗೆ ಮೊದಲು ಯಾರು ಹೋಗಬೇಕು, ರಿಮೋಟು ಯಾರ ಕೈಯಲ್ಲಿರಬೇಕು, ತಾತನನ್ನು ಕಣ್ಣಿನ ಡಾಕ್ಟರ ಹತ್ತಿರ ಯಾರು ಕರೆದೊಯ್ಯಬೇಕು ಎಂಬ ಜಗಳಗಳಿಂದಲೇ ಅದು ಆರನೆಯ ವರ್ಷಕ್ಕೆ ಕಾಲಿಟ್ಟಿದೆ. ಆ ಹಸಿರು ಸೋಫಾ, ಅದರ ಮೇಲಿನ ತಾತ ಈಗ ಎಲ್ಲರಿಗೂ ಸ್ವಂತ ಮನೆಯ ಸಾಮಾನಿನಷ್ಟು ಪರಿಚಿತ. ಸೋಫಾದ ಹಿಂದೆಯೂ ಒಬ್ಬರಿದ್ದಾರೆ ಎಂಬುದು ನೋಡುಗರಿಗೆ ತಿಳಿಯದು. ತಿಳಿಯಬಾರದು ಎಂಬುದೇ ಅವರ ಕೆಲಸ.

ಅವರು ಪ್ರಾಂಪ್ಟರ್. ನಟರು ಮರೆತ ಮಾತನ್ನು ಮರೆಯಲ್ಲಿ ಕೂತು ಎತ್ತಿಕೊಡುವವರು. ಮಾತು ಸಿಕ್ಕಿಹಾಕಿಕೊಂಡಾಗ ನಟರು "ಮುಂದಿಂದು? ಮುಂದಿಂದು?" ಎಂದು ಪರದಾಡುತ್ತಾರಲ್ಲ, ಅದರಿಂದ ಹುಟ್ಟಿದ ಹೆಸರು ‘ಮುಂದಣ್ಣ’. ಜೀವಮಾನವಿಡೀ ಎಲ್ಲರ ಹಿಂದೆ ಕೂತವರಿಗೆ ಈ ಹೆಸರೇ ಎಂದು ಸೆಟ್ಟಿನಲ್ಲಿ ಹೊಸಬರು ಬಂದಾಗಲೆಲ್ಲ ಒಂದು ಸುತ್ತು ನಗೆಯಾಗುತ್ತದೆ. ಅವರೂ ನಗುತ್ತಾರೆ, ಶಬ್ದ ಬರದಂತೆ. ಶಬ್ದ ಬರದಂತೆ ಕೆಮ್ಮುವುದೂ ಅವರಿಗೆ ಗೊತ್ತು.

"ಪಿಸುಗುಟ್ಟೋದು ಅಂತಾರೆ ಎಲ್ರೂ. ಪಿಸುಗುಟ್ಟಿದ್ರೆ ಮೇಲಿರೋ ಮೈಕು ಹಿಡಿದುಬಿಡುತ್ತೆ," ಎನ್ನುತ್ತಾರೆ ಮುಂದಣ್ಣ. "ದನಿ ಬಿಡಬಾರ್ದು. ಬರೀ ಉಸಿರಲ್ಲಿ ಅಕ್ಷರ ಕಟ್ಟಿ ಬಿಡ್ಬೇಕು. ಯಜಮಾನ್ರ ಕಿವಿಗೆ ಮುಟ್ಟಬೇಕು, ಪಕ್ಕದಲ್ಲಿರೋ ಸೊಸೆಗೆ ಮುಟ್ಟಬಾರ್ದು."

ಇವತ್ತಿನ ಮೊದಲ ದೃಶ್ಯದಲ್ಲಿ ಸೊಸೆ ತಾತನ ಕುರ್ಚಿಯನ್ನು ಕಿಟಕಿಯಿಂದ ಸರಿಸಿ ಆ ಜಾಗದಲ್ಲಿ ಬಟ್ಟೆ ಒಗೆಯುವ ಯಂತ್ರ ಇಡಲು ಹೊರಟಿದ್ದಾಳೆ. ತಾತ ಸೋಫಾ ಬಿಟ್ಟೇಳದೆ ಪ್ರತಿಭಟಿಸಬೇಕು. ಯಜಮಾನರ ಎಡಗೈ ಸೋಫಾದ ಬೆನ್ನಿನ ಮರದ ಅಂಚಿನ ಮೇಲಿದೆ. ಕ್ಯಾಮೆರಾ ಓಡುತ್ತದೆ, ಸೊಸೆ ತನ್ನ ಮಾತು ಮುಗಿಸುತ್ತಾಳೆ, ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆ ಬೆರಳುಗಳು ಮರದ ಮೇಲೆ ಎರಡು ಸಲ ಬಡಿಯುತ್ತವೆ. ಟಕ್ ಟಕ್. ಮಾತು ಕೊಡು ಎಂಬ ಸನ್ನೆ ಅದು.

"ಈ ಕುರ್ಚಿ ಕಿಟಕಿ ಹತ್ರ," ಎನ್ನುತ್ತದೆ ಸೋಫಾದ ಹಿಂದಿನ ಉಸಿರು.

"ಈ ಕುರ್ಚಿ ಕಿಟಕಿ ಹತ್ರ!" ಗುಡುಗುತ್ತಾರೆ ಯಜಮಾನರು.

"ಇದ್ರೆ ನಿಮಗೇನು ನಷ್ಟ."

"ಇದ್ರೆ ನಿಮಗೇನಮ್ಮಾ ನಷ್ಟ?"

"ಬೀದಿ ನೋಡೋಕೆ. ದುಡ್ಡು ಕೊಡ್ಬೇಕಾ."

"ಬೀದಿ ನೋಡೋಕೂ ದುಡ್ಡು ಕೊಡ್ಬೇಕಾ ನಾನು?"

ಆ ‘ಅಮ್ಮಾ’, ಆ ‘ಊ’ ಹಾಳೆಯಲ್ಲಿಲ್ಲ, ಉಸಿರಿನಲ್ಲೂ ಇರಲಿಲ್ಲ. ಅವು ಯಜಮಾನರ ಸ್ವಂತದವು. "ಮರೆಯೋದು ಮಾತನ್ನ ಮಾತ್ರ. ನಟನೆ ಎಲ್ಲೂ ಹೋಗಿಲ್ಲ," ಎಂದು ಮುಂದಣ್ಣ ಬೇಗ ಬೇಗ ಸೇರಿಸುತ್ತಾರೆ, ಯಾರೋ ಏನೋ ಅಂದುಬಿಟ್ಟರು ಎಂಬಂತೆ. ಧಾರಾವಾಹಿ ಶುರುವಾದಾಗ ಇಡೀ ಸಾಲು ಒಟ್ಟಿಗೆ ಕೊಟ್ಟರೂ ನೆನಪಿನಲ್ಲಿ ನಿಲ್ಲುತ್ತಿತ್ತು. ಆಮೇಲೆ ಅರ್ಧ ಸಾಲಾಯಿತು. ಈಗ ಒಂದು ಸಲಕ್ಕೆ ಮೂರು ಪದ, ಹೆಚ್ಚೆಂದರೆ ನಾಲ್ಕು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಅವರು ಮಾಡುವ ಕೆಲಸ ಇದೇ: ಮಾತನ್ನು ಯಜಮಾನರ ಇವತ್ತಿನ ನೆನಪಿನ ಅಳತೆಗೆ ತುಂಡು ಮಾಡುವುದು. ಎಲ್ಲಿ ಕತ್ತರಿಸಿದರೆ ನಗು ಉಳಿಯುತ್ತದೆ, ಎಲ್ಲಿ ಕತ್ತರಿಸಿದರೆ ಸತ್ತುಹೋಗುತ್ತದೆ ಎಂದು ತುಟಿಯಲ್ಲೇ ಆಡಿ ನೋಡುವುದು.

ಕೊಟ್ಟಿದ್ದನ್ನೆಲ್ಲ ನುಂಗುವ ಬಾಯಿ ಎದುರಿಗಿದ್ದರೆ ಅಪಾಯವೂ ಉಂಟು. ಒಮ್ಮೆ ಟೇಕಿನ ನಡುವೆ ಮುಂದಣ್ಣನ ಮೂಗಿನಿಂದ ಜಾರಿದ ಕನ್ನಡಕ ಸೋಫಾದಡಿಗೆ ಹೋಯಿತು. "ಅಯ್ಯೋ, ಕನ್ನಡಕ ಬಿತ್ತು" ಎಂದು ತಮ್ಮಷ್ಟಕ್ಕೆ ಉಸಿರಿದರು. ಸೊಸೆಯನ್ನು ಬೈಯಲು ಬೆರಳೆತ್ತಿದ್ದ ಯಜಮಾನರು ಅದೇ ಗತ್ತಿನಲ್ಲಿ "ಅಯ್ಯೋ! ಕನ್ನಡಕ ಬಿತ್ತು!" ಎಂದರು. ಸೊಸೆಯ ಪಾತ್ರದ ಹುಡುಗಿ ಜಾಣೆ. ತಕ್ಷಣ ಬಗ್ಗಿ ಹುಡುಕತೊಡಗಿದಳು. ಸೋಫಾದಡಿ ಕೈ ಹಾಕಿದರೆ ನಿಜವಾಗಿಯೂ ಕನ್ನಡಕ ಸಿಕ್ಕಿತು. ಅವಳು ಕಿರುಚಿಕೊಂಡಿದ್ದೂ ಪ್ರಸಾರವಾಯಿತು.

ಇನ್ನೊಂದು ತಪ್ಪು ಇದಕ್ಕಿಂತ ದೂರ ಹೋಯಿತು. ಅದಕ್ಕೆ ಮೊದಲು ಅವರ ಅಪ್ಪನ ವಿಷಯ ಹೇಳಬೇಕು.

ಅಪ್ಪ ಬಸ್ ಕಂಡಕ್ಟರ್. ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿನವರೆಗೆ ತಡೆಯಿಲ್ಲದೆ ಹೋಗುವ ಗಂಟಲು. ಬಸ್ಸು ಹೊರಡಬೇಕೆಂದರೆ ಅಂಗೈಯಿಂದ ತಗಡಿಗೆ ಎರಡೇಟು, "ರೈಟ್!" ಸ್ಟಾಪಿನಲ್ಲಿ ಜನ ಮೈಮೇಲೆ ಬಿದ್ದರೆ "ಸರದಿ, ಸರದಿ! ಸರದಿ ಪ್ರಕಾರ ಹತ್ರಪ್ಪಾ!" ಆ ಪದ ಅಪ್ಪನ ಸಮವಸ್ತ್ರದ ಜೊತೆಗೇ ಮನೆಗೆ ಬರುತ್ತಿತ್ತು. ಬಚ್ಚಲಲ್ಲಿ ನೀರು ಕಾದಾಗ, ತಲೆ ಬಾಚುವಾಗ, ಹೆಗಲ ಮೇಲೆ ಹೊತ್ತು ಓಣಿಯ ತುದಿಯವರೆಗೆ ಓಡುವಾಗ, ಇಬ್ಬರು ಗಂಡುಮಕ್ಕಳ ಮುಂದೆ ನಿಂತು ಅಪ್ಪ ಸೊಂಟಕ್ಕೆ ಕೈಯಿಟ್ಟು ಕೇಳುತ್ತಿದ್ದರು: "ಈಗ ಯಾರ ಸರದಿ?"

"ಇಬ್ರೂ ‘ನಂದು ನಂದು’ ಅಂತ ಮೇಲೆ ಬೀಳ್ತಿದ್ವಿ," ಎನ್ನುತ್ತಾರೆ ಮುಂದಣ್ಣ. "ತಮ್ಮ ಕೂಗ್ತಿದ್ದ. ನಾನು ಕೂಗಿದ್ರೂ ಯಾರಿಗೂ ಕೇಳಿಸ್ತಿರ್ಲಿಲ್ಲ. ಅಪ್ಪಂಗೆ ಮಾತ್ರ ಕೇಳಿಸ್ತಿತ್ತು."

ಅಂಥ ಗಂಟಲಿನ ಮಗನಿಗೆ ದನಿಯೇ ಇರಲಿಲ್ಲ. ಓದು ಮುಗಿಸಿ ಅಚ್ಚುಕೂಟವೊಂದಕ್ಕೆ ಸೇರಿದರು. ಕರಡು ತಿದ್ದುವವರ ಪಕ್ಕ ಕೂತು ಮೂಲಪ್ರತಿಯನ್ನು ಸಣ್ಣಗೆ ಓದಿ ಹೇಳುವ ಕೆಲಸ. ಅಚ್ಚುಕೂಟ ಮುಚ್ಚಿತು. ಗೆಳೆಯನೊಬ್ಬ ನಾಟಕ ತಂಡಕ್ಕೆ ಎಳೆದೊಯ್ದ. ಒಂದೇ ಸಲ ರಂಗದ ಮೇಲೆ ನಿಲ್ಲಿಸಿದರು, ಮುಖಕ್ಕೆ ಬೆಳಕು ಬಿತ್ತು, ಬಾಯಿ ಕಟ್ಟಿಹೋಯಿತು. ಮರುದಿನದಿಂದ ಪರದೆಯ ಪಕ್ಕದ ಕತ್ತಲಲ್ಲಿ ನಿಂತು ಉಳಿದವರ ಮಾತು ಎತ್ತಿಕೊಟ್ಟರು. ಕತ್ತಲಲ್ಲಿ ಒಂದಕ್ಷರವೂ ತಪ್ಪಲಿಲ್ಲ. ನಾಟಕದಿಂದ ಟೀವಿಗೆ ಬಂದದ್ದು ಯಜಮಾನರ ಬೆನ್ನ ಹಿಂದೆಯೇ.

ಅಮ್ಮ ತೀರಿಕೊಂಡ ವರ್ಷ ಅಣ್ಣತಮ್ಮಂದಿರು ಮುಂದಣ್ಣನ ಮನೆಯ ಮುಂಗೋಣೆಯಲ್ಲಿ ಕೂತರು. ಅಪ್ಪ ಇನ್ನು ಎಲ್ಲಿರಬೇಕು? ಜಗಳವೇನೂ ಇಲ್ಲ. ಟೀ ಕುಡಿಯುತ್ತ ಮಾತಾಡಿದರು. "ನಾಲ್ಕು ತಿಂಗ್ಳು ನಿಂದು, ನಾಲ್ಕು ತಿಂಗ್ಳು ನಂದು. ಸರದಿ ಪ್ರಕಾರ," ಎಂದರು ತಮ್ಮ. ಆ ಹೊತ್ತಿಗೆ ಒಳಕೋಣೆಯ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಯಾವಾಗ ಬಂದರೋ ಯಾರೂ ನೋಡಿರಲಿಲ್ಲ. ಅವರು ನೋಡಿದ್ದು ದೊಡ್ಡ ಮಗನ ಕಡೆಗೆ. ಏನನ್ನೋ ಕಾಯುತ್ತಿದ್ದರು. ಮುಂದಣ್ಣನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಅಪ್ಪ ಒಳಗೆ ಹೋಗಿ ಕಂಡಕ್ಟರ್ ಕಾಲದ ಚೀಲಕ್ಕೆ ನಾಲ್ಕು ಬಟ್ಟೆ ತುಂಬಿಕೊಂಡು ಬಂದು, ಸೊಂಟಕ್ಕೆ ಕೈಯಿಟ್ಟು, ಹಳೆಯ ದನಿಯಲ್ಲೇ ಕೇಳಿದರು:

"ಸರಿ. ಈಗ ಯಾರ ಸರದಿ?"

ಎಲ್ಲರೂ ಗೊಳ್ಳೆಂದು ನಕ್ಕರು. ಮುಂದಣ್ಣನೂ ನಕ್ಕರು. ಅಪ್ಪ ತಮ್ಮನ ಜೊತೆ ಹೊರಟರು. ಒಂದೆರಡು ಸಲ ಸರದಿಯೂ ನಡೆಯಿತು. ಆದರೆ ಮುಂದಣ್ಣನ ಮನೆ ಮೂರನೆಯ ಮಹಡಿಯಲ್ಲಿ. ಅಪ್ಪನ ಮಂಡಿ ಮೆಟ್ಟಿಲು ಹತ್ತುವುದನ್ನು ಬಿಟ್ಟಿತು. ತಮ್ಮನದು ನೆಲಮಹಡಿ. ಹಾಗೆ ಅಪ್ಪ ಅಲ್ಲೇ ಉಳಿದುಬಿಟ್ಟರು. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಮನೆಯವರೆಲ್ಲ ಒಪ್ಪಿದ್ದಾರೆ. ಅಂದಿನಿಂದ ಮುಂದಣ್ಣನ ಬಾಯಲ್ಲಿ ಅಪ್ಪ ‘ನೀನು’ ಹೋಗಿ ‘ನೀವು’ ಆದರು. ಹೇಗೆ ಆಯಿತೆಂದು ಅವರಿಗೂ ತಿಳಿಯದು. ಒಂದು ಭಾನುವಾರ "ಹೇಗಿದ್ದೀರಿ ಅಪ್ಪಾ?" ಎಂದರು. ಅಪ್ಪ ತಲೆಯೆತ್ತಿ ನೋಡಿ, "ಇದ್ದೀನಪ್ಪ" ಎಂದರು.

ಈಗ ಆ ತಪ್ಪಿನ ಕಥೆ. ಧಾರಾವಾಹಿಯ ಎರಡನೆಯ ವರ್ಷ, ತಾತನಿಗೆ ಯಾರು ಔಷಧ ಕೊಡಬೇಕೆಂದು ಮಗ ಸೊಸೆ ಜಗಳವಾಡುವ ದೃಶ್ಯ. ಬೆವರಿದ ಬೆರಳಿಗೆ ಎರಡು ಹಾಳೆ ಒಟ್ಟಿಗೆ ಅಂಟಿ ಮಗುಚಿಕೊಂಡವು. ಮೇಲಿಂದ ಟಕ್ ಟಕ್. ಮುಂದಣ್ಣ ಹಾಳೆ ಹುಡುಕುತ್ತಿದ್ದಾರೆ. ಮತ್ತೆ ಟಕ್ ಟಕ್. ಆಗ ತಾನಾಗಿ ಬಾಯಿಂದ ಬಂದದ್ದು: "ಸರಿ. ಈಗ ಯಾರ ಸರದಿ."

ಯಜಮಾನರು ಅದನ್ನು ಅಂದರು. ಕ್ಯಾಮೆರಾ ಹಿಂದಿದ್ದವರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು. ಡೈರೆಕ್ಟರ್ ಮೇಡಂ ‘ಕಟ್’ ಹೇಳುವುದನ್ನೇ ಮರೆತರು. "ಸರ್, ಇದು ಎಲ್ಲಿತ್ತು? ಸ್ಕ್ರಿಪ್ಟಲ್ಲಿ ಇಲ್ವಲ್ಲ?" ಎಂದಾಗ ಯಜಮಾನರು ಸೋಫಾದ ಹಿಂದಕ್ಕೊಮ್ಮೆ ಕಣ್ಣು ಹಾಯಿಸಿದರು. ಹಿಂದಿನಿಂದ ಒಂದು ಕೈ ಬೇಡ ಬೇಡ ಎಂದು ಆಡಿತು. "ಹಂಗೇ ಬಂತಮ್ಮ," ಎಂದುಬಿಟ್ಟರು.

ಅಲ್ಲಿಂದ ಆ ಮಾತು ಧಾರಾವಾಹಿಯ ಕಿರೀಟವಾಯಿತು. ಆಸ್ಪತ್ರೆಯ ಸಾಲಿನಲ್ಲಿ, ಬ್ಯಾಂಕಿನಲ್ಲಿ, ಶಾಲೆಯ ಆಟದ ಬಯಲಿನಲ್ಲಿ ಜನ ಯಜಮಾನರ ಎಳೆದ ದನಿಯಲ್ಲಿ ‘ಈಗ ಯಾರ ಸರದಿ?’ ಅನ್ನುತ್ತಾರೆ. ಮುಂದಣ್ಣ ದಿನಾ ಬರುವ ಬಸ್ಸಿನಲ್ಲೂ ಸೀಟು ಖಾಲಿಯಾದಾಗಲೆಲ್ಲ ಯಾರಾದರೊಬ್ಬರು ಅನ್ನುತ್ತಾರೆ. ಅವರು ಕಿಟಕಿಯ ಕಡೆಗೆ ಮುಖ ತಿರುಗಿಸುತ್ತಾರೆ. ಆ ಮಾತನ್ನು ಹಾಕಬೇಡಿ ಎಂದು ಬರೆಯುವವರಿಗೆ ಹೇಳಲು ಮುಂದಣ್ಣ ಎರಡು ಸಲ ಹೋಗಿದ್ದರಂತೆ. ಎರಡು ಸಲವೂ "ಏನಣ್ಣ?" ಎಂದು ಕೇಳಿಸಿಕೊಂಡು, "ಏನಿಲ್ಲ, ಅಕ್ಷರ ಸ್ವಲ್ಪ ದೊಡ್ಡದಾಗಿ ಹಾಕಿಸಿ" ಎಂದು ಬಂದರು. ಈಗ ಅವರ ಹಾಳೆಗಳಲ್ಲಿ ಅಕ್ಷರ ಬಹಳ ದೊಡ್ಡದಾಗಿದೆ.

ಮಧ್ಯಾಹ್ನ ಯಜಮಾನರು ದಣಿಯುತ್ತಾರೆ. ಬಣ್ಣ ಒರೆಸಿಕೊಳ್ಳುತ್ತ ಕೇಳುತ್ತಾರೆ, "ಇವತ್ತು ಹೋಗ್ತೀಯಾ ಅಪ್ಪನ ಹತ್ರ?"

"ಹೂಂ."

"ಕೇಳ್ತೀಯಾ?"

"ಕೇಳ್ತೀನಿ."

"ಹೋದ ತಿಂಗ್ಳೂ ಇದನ್ನೇ ಅಂದೆ. ಒಂದ್ ಕೆಲ್ಸ ಮಾಡೋಣ, ನಾನೂ ಬರ್ತೀನಿ. ನಾನು ನಿಮ್ಮಪ್ಪನ ಮುಂದೆ ಕೂತ್ಕೋತೀನಿ, ನೀನು ನನ್ನ ಹಿಂದೆ ಕೂತು ಹೇಳು. ಮೂರು ಪದ ತಾನೇ?"

ಮುಂದಣ್ಣ ಶಬ್ದವಿಲ್ಲದೆ ನಗುತ್ತಾರೆ. "ನಾಲ್ಕು, ಯಜಮಾನ್ರೇ."

ಕೇಳಬೇಕಾದದ್ದು ಇಷ್ಟೇ, ಅಪ್ಪ ಇನ್ನು ಮುಂದಣ್ಣನ ಮನೆಯಲ್ಲಿರಲು ಬರುತ್ತಾರೆಯೇ ಎಂದು. ಈ ವರ್ಷ ಅವರು ಮೂರನೆಯ ಮಹಡಿ ಬಿಟ್ಟು ನೆಲಮಹಡಿಯ ಬಾಡಿಗೆ ಮನೆ ಹಿಡಿದಿದ್ದಾರೆ. ಮುಂಗೋಣೆಯ ಕಿಟಕಿಯಿಂದ ಬಸ್ ಸ್ಟಾಪು ಕಾಣುತ್ತದೆ. ಅಪ್ಪನಿಗೆ ಈಗ ಕಿವಿ ಕೇಳದಿದ್ದರೂ ಬಸ್ಸು ಬಂದದ್ದು, ಹೋದದ್ದು ನೋಡಬಹುದು. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದಾರೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೇರೆ ಯಾರೂ ಕೂರುವುದಿಲ್ಲ. "ಲೋಕಕ್ಕೆಲ್ಲ ಮಾತು ಹೇಳ್ಕೊಡ್ತೀರಿ. ನಿಮ್ಮಪ್ಪನ ಹತ್ರ ಆಡೋ ಮಾತಿಗೆ ನಾನು ಬಂದು ಪ್ರಾಂಪ್ಟ್ ಮಾಡ್ಬೇಕಾ?" ಎಂದು ಹೆಂಡತಿ ಚುಚ್ಚುತ್ತಾರೆ. ಆ ಕುರ್ಚಿಯ ಧೂಳು ಒರೆಸುವವರೂ ಅವರೇ.

"ಕರೆದ್ರೆ ಅಪ್ಪ ಬರಲ್ಲ ಅಂತ ಭಯ ಇಲ್ಲ," ಎನ್ನುತ್ತಾರೆ ಮುಂದಣ್ಣ, ಬಸ್ಸಿಗೆ ಕಾಯುತ್ತ. ಬಸ್ಸು ಬರುವ ದಿಕ್ಕಿಗೊಮ್ಮೆ ಕತ್ತು ಚಾಚಿ ನೋಡುತ್ತಾರೆ. "‘ಓಹೋ, ಈಗ ನಿನ್ನ ಸರದೀನಾ?’ ಅಂದುಬಿಟ್ರೆ?"

ಎರಡು ಬಸ್ಸು ಬದಲಿಸಿ ತಮ್ಮನ ಮನೆ ಸೇರುವಾಗ ಧಾರಾವಾಹಿ ಶುರುವಾಗುವ ಹೊತ್ತು. ಟೀವಿಯ ಎದುರು ಮರದ ಕೈಗಳ ಕುರ್ಚಿಯಲ್ಲಿ ಅಪ್ಪ. ಎಂಬತ್ತೇಳು ದಾಟಿದೆ. ಗಂಟಲಿನ್ನೂ ಗಟ್ಟಿ, ಕಿವಿ ಹೋಗಿದೆ. ಬಲಗಿವಿಯ ಹತ್ತಿರ ಬಾಯಿಟ್ಟು ಹೇಳಿದರೆ ಸ್ವಲ್ಪ ಮುಟ್ಟುತ್ತದೆ. ಮುಂದಣ್ಣ ಆ ಕುರ್ಚಿಯ ಬಲಕ್ಕೆ ನೆಲದ ಮೇಲೆ ಕೂರುತ್ತಾರೆ. ಟೀವಿಯ ತಾತ ಬಾಯಿ ತೆರೆದಾಗಲೆಲ್ಲ ಅಪ್ಪ ಬಾಗಿ "ಏನಂದ?" ಎನ್ನುತ್ತಾರೆ. ಮುಂದಣ್ಣ ಆ ಮಾತನ್ನು ತುಂಡು ತುಂಡಾಗಿ ಕಿವಿಗೆ ಹಾಕುತ್ತಾರೆ. ಅಪ್ಪ ಒಂದು ಗಳಿಗೆ ತಡವಾಗಿ, ಎಲ್ಲರ ನಗು ಮುಗಿದ ಮೇಲೆ, ಮನೆ ನಡುಗುವಂತೆ ನಗುತ್ತಾರೆ.

ಪರದೆಯ ಮೇಲೆ ಡಾಕ್ಟರ ಬಳಿ ಹೋಗುವ ಪ್ರಸಂಗ. ಮಗ ಸೊಸೆಯ ಕಡೆಗೆ, ಸೊಸೆ ಮಗನ ಕಡೆಗೆ ಕೈ ತೋರಿಸುತ್ತಾರೆ. ತಾತ ಸೋಫಾದಿಂದ ಎದ್ದು, ಸೊಂಟಕ್ಕೆ ಕೈಯಿಟ್ಟು, ಆ ಮಾತು ಅನ್ನುತ್ತಾನೆ. ಮುಂದಣ್ಣನ ತಮ್ಮ ತೊಡೆ ತಟ್ಟಿಕೊಂಡು ನಗುತ್ತಾರೆ. ಆ ಮಾತು ತಮ್ಮದೇ ಮನೆಯದು ಎಂದು ಅವರಿಗೆ ನೆನಪಿಲ್ಲ. ತಮ್ಮನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾರೆ.

"ಏನಂದ?" ಅಪ್ಪ ಬಾಗುತ್ತಾರೆ.

ಮುಂದಣ್ಣ ಬಲಗಿವಿಗೆ ಬಾಯಿ ತರುತ್ತಾರೆ. "ನೀರು ಕೇಳ್ದ ಅಪ್ಪಾ."

"ಯಾವಾಗ್ಲೂ ನೀರೇ ಕೇಳ್ತಾನಲ್ಲೋ! ಏನು ಕಾಯಿಲೆ ಅವನಿಗೆ?" ಎಂದು ಅಪ್ಪ ಗುಡುಗಿದಾಗ ಮನೆಯವರೆಲ್ಲ ಮತ್ತೆ ನಗುತ್ತಾರೆ. ಅಪ್ಪ ನಗುವುದಿಲ್ಲ. ಪರದೆಯನ್ನೇ ನೋಡುತ್ತ, ಸ್ವಲ್ಪ ಹೊತ್ತಾದ ಮೇಲೆ, ತಮಗೆ ತಾವೇ ಎಂಬಂತೆ ಹೇಳುತ್ತಾರೆ: "ಕೇಳ್ದಾಗೆಲ್ಲ ನಗ್ತಾರೆ. ಒಬ್ರೂ ತಂದುಕೊಡಲ್ಲ, ಪಾಪ."

ಕಂತು ಮುಗಿಯುತ್ತದೆ. ತಮ್ಮ ಎದ್ದು ಒಳಗೆ ಹೋಗುತ್ತಾರೆ, ಅವರ ಹೆಂಡತಿ ಲೋಟಗಳನ್ನು ಎತ್ತಿಕೊಂಡು ಹೋಗುತ್ತಾರೆ. ಟೀವಿ ಇನ್ನೂ ಉರಿಯುತ್ತಿದೆ. ಮುಂದಣ್ಣ ಎದ್ದು ನಿಲ್ಲುತ್ತಾರೆ, ಮತ್ತೆ ಬಗ್ಗುತ್ತಾರೆ. ಬೆಳಗ್ಗೆ ಸೋಫಾದ ಹಿಂದೆ ಅವರು ತೀರ್ಮಾನಿಸಿಬಿಟ್ಟಿದ್ದರು: ‘ಬನ್ನಿ’ ಬೇಡ, ‘ಬಾ’ ಅನ್ನಬೇಕು. ಎಲ್ಲಿ ಕತ್ತರಿಸಬೇಕೆಂದೂ ಗೊತ್ತಾಗಿತ್ತು. ಮೊದಲು ಎರಡು ಪದ, ಒಂದು ಉಸಿರು, ಆಮೇಲೆ ಎರಡು ಪದ.

ಅಪ್ಪ ತಿರುಗಿ ನೋಡುತ್ತಾರೆ. ಟೀವಿಯ ಬೆಳಕು ಮಗನ ಮುಖದ ಮೇಲೆ ಬಿದ್ದಿದೆ.

"ಏನೋ ಅನ್ಬೇಕು ಅಂತಿದ್ದೀಯಲ್ಲ?"

"ಏನಿಲ್ಲಪ್ಪ. ಮಾತ್ರೆ ತಗೊಂಡ್ರಾ?"

ಇದು ಅಪ್ಪನಿಗೆ ಕೇಳಿಸಿತೋ ಇಲ್ಲವೋ. ಅವರು ಮಗನ ತುಟಿಯನ್ನೇ ನೋಡುತ್ತಾರೆ, ಇನ್ನೇನಾದರೂ ಬರುತ್ತದೇನೋ ಎಂದು ಕಾಯುತ್ತಾರೆ. ಆಮೇಲೆ ಅವರ ಬೆರಳು ಕುರ್ಚಿಯ ಮರದ ಕೈ ಮೇಲೆ ಎರಡು ಸಲ ಬಡಿಯುತ್ತದೆ. ಟಕ್ ಟಕ್.

ಮುಂದಣ್ಣನ ಬಾಯಿ ತಾನಾಗಿ ತೆರೆಯುತ್ತದೆ.

"ರೈಟ್. ಹೊರಡು, ಬಸ್ ತಪ್ಪುತ್ತೆ," ಎನ್ನುತ್ತಾರೆ ಅಪ್ಪ.

ಮುಂದಣ್ಣ ಚಪ್ಪಲಿ ಮೆಟ್ಟಿ ಬಾಗಿಲನ್ನು ಸದ್ದಾಗದಂತೆ ಎಳೆದುಕೊಳ್ಳುತ್ತಾರೆ. ‘ಬಾ ಅಪ್ಪಾ, ಮನೆಗೆ ಹೋಗೋಣ’ ಎಂದು ಇವತ್ತೂ ಹೇಳಲಿಲ್ಲ.